ವರಾಂಡದಲ್ಲಿ ಖಾಲಿ ಕೈ

ಮಂಗಳವಾರ ಸಂಜೆಯ ಹಾಸ್ಯ ಧಾರಾವಾಹಿ ತಯಾರಿಸುವ ಮಹನೀಯರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಪದಗಳೂ ಅಷ್ಟಕ್ಕಷ್ಟೇ. ಕ್ಷಮಿಸಬೇಕು. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕಲ್ಲ ಎಂಬ ಒಂದೇ ಹೆದರಿಕೆಗೆ ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಈ ಕಾಗದವನ್ನು ಎರಡು ಸಲ ಬರೆದು ಹರಿದಿದ್ದೇನೆ. ಇದರ ಮೂಲೆಯಲ್ಲೂ ಒಂದು ನೇರಳೆ ಕಲೆಯಿದೆ. ಅದು ಮಸಿಯಲ್ಲ.

ನಿಮ್ಮ ಧಾರಾವಾಹಿಯ ಊರು ನಮ್ಮ ಅಲಬಾಮಾದ ಕಡೆಯದೇ ಇರಬೇಕು. ಮಾತು ನಮ್ಮದೇ (ಸ್ವಲ್ಪ ಜಾಸ್ತಿ ಎಳೆದಿದ್ದೀರಿ). ನಾಯಿ ಕೂಡ ನಮ್ಮ ನಾಯಿಯಷ್ಟೇ ಮಲಗುತ್ತದೆ. ಆದರೆ ನಮ್ಮ ಅಜ್ಜಿಯದು ಒಂದು ತಕರಾರು. ಕೋಲು ಕೆತ್ತುವ ಮುದುಕನೊಬ್ಬನನ್ನು ಬಿಟ್ಟರೆ, ನಿಮ್ಮ ಜನ ವರಾಂಡದಲ್ಲಿ ಕೂತಾಗ ಅವರ ಕೈ ಖಾಲಿ ಇರುತ್ತದೆ.

"ಜುಲೈ ತಿಂಗಳು, ತೋಟದ ತುಂಬ ಅಲಸಂದೆ ಕಾಯಿ. ಈ ಮಹಾರಾಣಿ ತೊಡೆ ಮೇಲೆ ಸುಲಿಯೋಕೆ ಒಂದು ಬೋಗುಣಿ ಇಲ್ಲ," ಎನ್ನುತ್ತಾಳೆ ಅಜ್ಜಿ. "ಚಳಿಗಾಲಕ್ಕೆ ಏನು ತಿಂತಾರಂತೆ ಇವ್ರು?"

"ಅದು ತಮಾಷೆಗೆ ತೋರ್ಸೋದು ಕಣವ್ವಾ," ಎನ್ನುತ್ತಾನೆ ಅಪ್ಪ.

"ಮರೇಲಿ ಕೂತು ನಗ್ತಾರಲ್ಲ ಒಂದಷ್ಟು ಜನ, ಅವ್ರ ಕೈಗಾದ್ರೂ ನಾಲ್ಕು ಕಾಯಿ ಕೊಡಬಾರ್ದಾ?"

ಅಜ್ಜಿ ಇಷ್ಟು ಹೇಳಿದರೂ ನಾನು ನಂಬಿದ್ದು ನಿಮ್ಮನ್ನೇ. ತಪ್ಪು ಅಲ್ಲಿಂದ ಶುರುವಾಯಿತು.

ಅಪ್ಪನ ತಮ್ಮ ಡಾಯಲ್ ಚಿಕ್ಕಪ್ಪ ಆರು ವರ್ಷದಿಂದ ಉತ್ತರದ ಆಕ್ರನ್‌ನಲ್ಲಿ ಟಯರ್ ಮಾಡುವ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಅಲ್ಲೇ ಮದುವೆಯಾದ. ಚಿಕ್ಕಮ್ಮನ ಹೆಸರು ಲುಡ್ಮಿಲಾ, ಯುರೋಪಿನಿಂದ ಬಂದ ಸ್ಲೋವಾಕ್ ಜನ. ನಮ್ಮೂರ ಗ್ಯಾರೇಜಿನಲ್ಲಿ ಚಿಕ್ಕಪ್ಪನಿಗೆ ಕೆಲಸ ಸಿದ್ಧವಿದೆ. 'ಅವಳು ಬಂದು ನೋಡಿ ಒಪ್ಪಿದರೆ ಮಾತ್ರ ಊರಿಗೆ ಬರುತ್ತೇವೆ. ಅವಳು ನಮ್ಮ ಕಡೆಯನ್ನು ನೋಡಿರುವುದು ಟೀವಿಯಲ್ಲಷ್ಟೇ, ಆ ಮಂಗಳವಾರದ ಧಾರಾವಾಹಿ ಅವಳಿಗೆ ಬಹಳ ಇಷ್ಟ' ಎಂದು ಬರೆದಿದ್ದ. ಅಜ್ಜಿ ಆ ಕಾಗದವನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದಳು. ಕಿರಿಮಗ ಮರಳಿ ಬರಬೇಕು, ಅವಳಿಗೆ ಬೇರೇನೂ ಬೇಡ.

ಆಗ ನನಗೆ ಮಹಾ ಜ್ಞಾನೋದಯವಾಯಿತು. ಚಿಕ್ಕಮ್ಮ ಮೆಚ್ಚಿದ ಊರನ್ನೇ ಚಿಕ್ಕಮ್ಮನಿಗೆ ತೋರಿಸಿದರಾಯಿತು.

ಇವತ್ತು ಶನಿವಾರ, ಅವರು ಬರುವ ದಿನ. ಅಮ್ಮ ಸಾಕ್ಸ್ ಮಿಲ್ಲಿನ ಪಾಳಿಗೆ ಹೋದದ್ದೇ ತಡ, ವರಾಂಡದಲ್ಲಿರುವ, ಚಳಿಗಾಲಕ್ಕೆ ಕಾಳು ತುಂಬಿಡುವ ದೊಡ್ಡ ಫ್ರೀಜರಿಗೆ ಕೌದಿ ಹೊದಿಸಿ ಮೇಲೊಂದು ಹೂಕುಂಡ ಇಟ್ಟೆ (ನಿಮ್ಮ ವರಾಂಡದಲ್ಲಿ ಫ್ರೀಜರ್ ಇಲ್ಲ). ಬ್ರೆಡ್ ವ್ಯಾನು ಓಡಿಸುವ ಅಪ್ಪನ ಕೈಗೆ ಒಂದು ಚಾಕು, ಕೆತ್ತಲು ಒಂದು ಕೋಲು ಕೊಟ್ಟೆ. ಬೆಳಿಗ್ಗೆ ಕಿತ್ತ ನಾಲ್ಕು ಬುಟ್ಟಿ ನೇರಳೆ ಸಿಪ್ಪೆಯ ಅಲಸಂದೆ ಕಾಯಿಯನ್ನು ಬಚ್ಚಲಿನ ತೊಟ್ಟಿಗೆ ಸುರಿದು ಬೆಡ್‌ಶೀಟ್ ಮುಚ್ಚಿದೆ. ಅದನ್ನು ಸುಲಿದವರ ಹೆಬ್ಬೆರಳು ವಾರಗಟ್ಟಲೆ ನೇರಳೆಯಾಗಿಯೇ ಇರುತ್ತದೆ. ಅದಕ್ಕೂ ನಿಂಬೆಹಣ್ಣು ಹಚ್ಚಿ ಎಲ್ಲರಿಂದ ಉಜ್ಜಿಸಿದೆ.

"ಇವತ್ತೇ ಸುಲೀದಿದ್ರೆ ಕಾವಿಗೆ ಹಾಳಾಗ್ತವೆ ಕಣೇ ವರ್ಲೀನ್," ಎಂದಳು ಅಜ್ಜಿ.

"ನಿಂಗೆ ಮಗ ಬೇಕಾ, ಅಲಸಂದೆ ಬೇಕಾ?" ಎಂದೆ. (ನಾನು ಈ ವರ್ಷ ಆಡಿದ ಅತಿ ಜೋರಿನ ಮಾತು ಇದೇ.)

ಹತ್ತು ಗಂಟೆಗೆ ಅವರು ಬಂದರು. ಚಿಕ್ಕಮ್ಮ ಎತ್ತರ, ಕೈಗೆ ಬಿಳಿ ಗವಸು. ತೂಗುಕುರ್ಚಿಯಲ್ಲಿ ಕೂರಿಸಿದೆವು. ಎಲ್ಲರೂ ಕೂತೆವು. ಕೂತೇ ಇದ್ದೆವು.

ಕೈಯಲ್ಲಿ ಕಾಯಿ ಇದ್ದರೆ ಕಣ್ಣು ಕಾಯಿಯ ಮೇಲಿರುತ್ತದೆ, ಬಾಯಿ ತಾನಾಗಿ ಮಾತಾಡುತ್ತದೆ. ಬೋಗುಣಿ ಹಿಡಿದರೆ ನಾನು ಕೂಡ ನಾಲ್ಕು ಮಾತಾಡುತ್ತೇನೆ. ಇವತ್ತು ಒಬ್ಬರ ಮುಖ ಒಬ್ಬರು ನೋಡಬೇಕಾಯಿತು.

"ಸೆಕೆ," ಎಂದ ಅಪ್ಪ.

"ಹೌದು," ಎಂದರು ಚಿಕ್ಕಮ್ಮ.

ಅರ್ಧ ಗಂಟೆ ಬಿಟ್ಟು ಅಪ್ಪ ಅದನ್ನೇ ಇನ್ನೊಮ್ಮೆ ಹೇಳಿದ. ಕೌದಿಯ ಕೆಳಗೆ ಫ್ರೀಜರ್ ಗುಂಯ್ ಎನ್ನುತ್ತಿತ್ತು, ಹೂಕುಂಡ ನಡುಗುತ್ತಿತ್ತು. ಅಜ್ಜಿಯ ಹೆಬ್ಬೆರಳು ಇಲ್ಲದ ಕಾಯಿಯನ್ನು ಸುಲಿಯತೊಡಗಿತು. ಹುಟ್ಟಿದಂದಿನಿಂದ ಏನೂ ಕೆತ್ತದ ಅಪ್ಪ ಬೆರಳು ಕೊಯ್ದುಕೊಂಡ. ನಿಮ್ಮಲ್ಲಾದರೆ ಇಲ್ಲಿ ನಗು ಬರುತ್ತಿತ್ತು. ನಮ್ಮಲ್ಲಿ ಬಟ್ಟೆ ಸುತ್ತಿದೆವು.

ಮಧ್ಯಾಹ್ನ ನಾನು ತಣ್ಣನೆ ಟೀಗೆ ಸಕ್ಕರೆ ಕಲಕುತ್ತಿದ್ದಾಗ ಅಡುಗೆಮನೆಯ ಕಿಟಕಿಯಾಚೆ ಮಾತು ಕೇಳಿಸಿತು.

"ಟೀವೀಲಿ ಅರ್ಧ ಗಂಟೆಗೆ ಚೆನ್ನಾಗಿರತ್ತೆ ಡಾಯಲ್. ಇವ್ರು ನಿಜವಾಗ್ಲೂ ಹೀಗೇ ಇರ್ತಾರಲ್ಲ. ದಿನಾ ಹೀಗೆ ಕೂತ್ರೆ ನಂಗೆ ತಲೆ ಕೆಡತ್ತೆ. ನಾಳೆ ಬಸ್ಸಿಗೇ ಹೋಗೋಣ."

"ಮೊದ್ಲು ಹಿಂಗಿರ್ಲಿಲ್ಲ ಲುಡ್ಮಿಲಾ," ಎಂದ ಚಿಕ್ಕಪ್ಪ. "ಇವ್ರಿಗೆ ಏನಾಗಿದ್ಯೋ ನಂಗೂ ತಿಳೀತಿಲ್ಲ."

ನನ್ನ ಕೈಯಲ್ಲಿದ್ದ ಚಮಚ ನಿಂತಿತು. ಅಜ್ಜಿಗೆ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಚಿಕ್ಕಮ್ಮ ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದರು. ಇಪ್ಪತ್ತು ನಿಮಿಷವಾದರೂ ಬರಲಿಲ್ಲ.

"ನಿನ್ನ ಟೀ ಕುಡಿದು ಹೊಟ್ಟೆಗೇನಾಯ್ತೋ, ಹೋಗಿ ನೋಡೇ," ಎಂದಳು ಅಜ್ಜಿ.

ಬಾಗಿಲು ತಟ್ಟಿದೆ. "ತೆಗೆದೇ ಇದೆ, ಬಾ," ಎಂದರು.

ಚಿಕ್ಕಮ್ಮ ತೊಟ್ಟಿಯ ಅಂಚಿನಲ್ಲಿ ಕೂತಿದ್ದರು. ಗವಸು ಬಿಚ್ಚಿಟ್ಟಿದ್ದರು. ತೊಡೆಯ ಮೇಲೆ ಟವೆಲ್, ಟವೆಲಿನ ಮೇಲೆ ಕಾಳಿನ ಗುಡ್ಡೆ. ಎರಡೂ ಹೆಬ್ಬೆರಳು ನೇರಳೆ.

"ಇದನ್ನ ಇಲ್ಲಿ ಬಚ್ಚಿಟ್ಟೋರು ಯಾರು? ಮುಟ್ಟಿ ನೋಡು, ಆಗ್ಲೇ ಬೆಚ್ಚಗಾಗಿದೆ. ನಮ್ಮಜ್ಜಿ ಆಕ್ರನ್ನಲ್ಲಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲೀತಿದ್ಲು. ಅವ್ಳು ನೋಡಿದ್ರೆ ನಿನ್ನ ಕಿವಿ ಹಿಂಡ್ತಿದ್ಲು."

"ನಾನೇ ಹಿಂಡ್ತೀನಿ ಬಿಡಮ್ಮಾ, ನೀನು ಕೈ ನಿಲ್ಲಿಸ್ಬೇಡ," ಎಂದು ನನ್ನ ಬೆನ್ನ ಹಿಂದಿನಿಂದ ಅಜ್ಜಿಯ ದನಿ ಬಂತು. ಹೇಳಿದ್ದನ್ನು ಮಾಡಿಯೂ ಮಾಡಿದಳು.

ಕಾಯಿಯೆಲ್ಲ ವರಾಂಡಕ್ಕೆ ಬಂತು. ಆಮೇಲೆ ಯಾರ ಬಾಯಿಗೂ ಬಿಡುವಿರಲಿಲ್ಲ. ನಾಲ್ಕು ಗಂಟೆಗೆ ಚಿಕ್ಕಮ್ಮ ತಲೆಯೆತ್ತದೆ, "ನಾವು ಇಲ್ಲೇ ಇರ್ತೀವಿ," ಎಂದರು. ಅಜ್ಜಿ ಎದ್ದು ಹೋಗಿ ಅವರ ಬೋಗುಣಿಗೆ ಇನ್ನಷ್ಟು ಕಾಯಿ ತುಂಬಿದಳು.

"ಇವ್ರು ಬೇರೆ ಮನೆ ಮಾಡೋವರ್ಗೂ ಮಲಗೋದೆಲ್ಲಿ?" ಎಂದ ಅಪ್ಪ.

ಎಲ್ಲರೂ ನನ್ನ ಕಡೆ ನೋಡಿದರು.

ಆದ್ದರಿಂದ ಇವತ್ತಿನಿಂದ ನನ್ನ ಹಾಸಿಗೆ ವರಾಂಡದಲ್ಲಿ, ಫ್ರೀಜರಿನ ಪಕ್ಕ. ಈ ಕಾಗದವನ್ನು ಅದರ ಮೇಲಿಟ್ಟೇ ಬರೆಯುತ್ತಿದ್ದೇನೆ. ಅದು ನಡುಗುವುದರಿಂದ ಅಕ್ಷರ ಇನ್ನೂ ಕೆಟ್ಟಿದೆ. ತೊಟ್ಟಿಯ ನಲ್ಲಿ ಸೋರಿ ತಳದ ಕಾಯಿ ಒದ್ದೆಯಾಗಿದ್ದವು, ಅವನ್ನು ನಾನೊಬ್ಬಳೇ ಸುಲಿಯಬೇಕೆಂದು ತೀರ್ಪಾಗಿದೆ.

ದಯವಿಟ್ಟು ನಿಮ್ಮ ವರಾಂಡದ ಹೆಂಗಸಿನ ತೊಡೆಯ ಮೇಲೆ ಒಂದು ಬೋಗುಣಿ ಇಡಿ. ಅಲ್ಲಿ ಅಲಸಂದೆ ಸಿಗದಿದ್ದರೆ ನಾವು ಕಳಿಸುತ್ತೇವೆ.

ನಾಳೆ ಭಾನುವಾರ, ಚರ್ಚಿನ ದಿನ, ಕೆಲಸ ಮಾಡುವಂತಿಲ್ಲ. ಈಗ ಕಾಗದ ಮಡಿಸಿಟ್ಟು, ಬೆಳಕಿರುವಾಗಲೇ ಉಳಿದ ಅರ್ಧ ಬುಟ್ಟಿ ಸುಲಿಯುತ್ತೇನೆ.