ಹೇಮಪ್ಪ ಮಾಸ್ತರರ ಹದಿನಾಲ್ಕು ಅಡ್ಜಸ್ಟ್‌ಗಳು

ಕುಷ್ಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಹೇಮಪ್ಪ ಮಾಸ್ತರರು ತಮ್ಮ ಮಂಚವನ್ನು ಕಳೆದುಕೊಂಡದ್ದು ಒಂದು ಇಂಗ್ಲಿಷ್ ಶಬ್ದದಿಂದ. ಕಳ್ಳತನವಾಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಆದರೆ ಮಂಚ ಮನೆಯಲ್ಲೇ ಇತ್ತು. ನಡುಮನೆಯಲ್ಲಿ, ಫ್ಯಾನಿನ ನೇರ ಕೆಳಗೆ, ಎಲ್ಲಿರಬೇಕೋ ಅಲ್ಲೇ. ಅದರ ಮೇಲೆ ಅವರ ಅತ್ತೆ ಹುಲಗೆಮ್ಮ ಇದ್ದರು.

ಹುಲಗೆಮ್ಮ ಕಾರಟಗಿಯಿಂದ ಬಂದದ್ದು ಕಣ್ಣಿನ ಆಪರೇಷನ್ ಆದ ಮೇಲೆ ಎಂಟು ದಿನ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳಲು. ಆ ಎಂಟು ದಿನಕ್ಕೆ ಈಗ ಎರಡೂವರೆ ತಿಂಗಳಾಗಿತ್ತು. ಮಾಸ್ತರರ ಹಾಸಿಗೆ ಪಡಸಾಲೆಗೆ ವರ್ಗವಾಗಿತ್ತು. ಸೈಕಲ್ಲಿಗೂ ನೀರಿನ ಡ್ರಮ್ಮಿಗೂ ನಡುವೆ. ಎಡಕ್ಕೆ ಹೊರಳಿದರೆ ಪೆಡಲ್ಲು, ಬಲಕ್ಕೆ ಹೊರಳಿದರೆ ಡ್ರಮ್ಮು. (ಏಪ್ರಿಲ್ ತಿಂಗಳಲ್ಲಿ ಕುಷ್ಟಗಿಯ ಮನುಷ್ಯ ಹೊರಳದೆ ಮಲಗಲಾರ.) ವಿಷಯ ಎತ್ತಿದಾಗಲೆಲ್ಲ ಹೆಂಡತಿ ಶರಣಬಸಮ್ಮ ಹೇಳುತ್ತಿದ್ದದ್ದು ಒಂದೇ ಮಾತು:

"ಒಂಚೂರು ಅಡ್ಜಸ್ಟ್ ಮಾಡ್ಕೊಳ್ರಿ."

ಅತ್ತೆಯನ್ನೇ ಕೇಳೋಣವೆಂದರೆ, ಆ ಮನೆತನದಲ್ಲಿ ಅತ್ತೆ ಅಳಿಯ ಮುಖ ನೋಡಿ ಮಾತಾಡುವ ಪದ್ಧತಿಯೇ ಇಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅಳಿಯನ ಹೆಜ್ಜೆ ಸಪ್ಪಳ ಕೇಳಿದೊಡನೆ ಹುಲಗೆಮ್ಮ ಸೆರಗನ್ನು ತಲೆಯ ಮೇಲೆಳೆದು ಗೋಡೆಯ ಕಡೆ ತಿರುಗುತ್ತಿದ್ದರು. ಹೇಳಲೇಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು. "ಚಾ ಆರಾಕ ಹತ್ತೈತಿ" ಎಂದು ಗೋಡೆಗೆ ತಿಳಿಸಿದರೆ ಮಾಸ್ತರರು ಬಂದು ಕುಡಿಯುತ್ತಿದ್ದರು. ಮಾಸ್ತರರೂ "ಬಸ್ಸಿನ್ಯಾಗ ಗದ್ದಲ ಇತ್ತೇನು?" ಎಂದು ಕ್ಯಾಲೆಂಡರನ್ನು ವಿಚಾರಿಸುತ್ತಿದ್ದರು. ಆದರೆ ಮಂಚ ಬಿಟ್ಟು ಏಳು ಎಂದು ಒಂದು ಕ್ಯಾಲೆಂಡರಿಗೆ ಹೇಳುವುದು ಹೇಗೆ?

ಒಂದು ಭಾನುವಾರ ಅವರು ಇಂಗ್ಲಿಷಿನ ಸಮಾನಾರ್ಥಕ ಪದಗಳ ಕೋಶವನ್ನು ಬಿಡಿಸಿಕೊಂಡು ಕುಳಿತರು. ಅಡ್ಜಸ್ಟ್ ಎಂದರೆ ಹೊಂದಿಸು, ತಿದ್ದು, ಅಳವಡಿಸು, ಒಗ್ಗಿಕೊ ಎಂದಿತ್ತು. ಅದು ಇಂಗ್ಲೆಂಡಿನ ಪರಿಸ್ಥಿತಿ. ತಮ್ಮ ಮನೆಯ ಪರಿಸ್ಥಿತಿಯನ್ನು ಅವರು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದರು. ಸಾರಿಗೆ ಉಪ್ಪು ಮರೆತ ದಿನ ಅದರ ಅರ್ಥ 'ಸುಮ್ಮನೆ ಉಣ್ಣು'. ಟ್ರ್ಯಾಕ್ಸ್ ಜೀಪಿನಲ್ಲಿ 'ಸರಿದು ಕೂಡು', ಟ್ರ್ಯಾಕ್ಸು ತುಂಬಿದ್ದರೆ 'ನೇತಾಡು'. ಇಸ್ತ್ರಿಯಾಗದ ಅಂಗಿಯ ವಿಷಯದಲ್ಲಿ 'ನಿನ್ನೆಯದನ್ನೇ ಹಾಕಿಕೊ'. ಟಿ.ವಿ.ಯಲ್ಲಿ ವಾರ್ತೆ ಬರುವ ಹೊತ್ತಿಗೆ 'ಧಾರಾವಾಹಿ ಮುಗಿಯಲಿ, ಬಾಯಿ ಮುಚ್ಚು'. ಬರೆಯುತ್ತ ಹೋದಂತೆ ಹದಿನಾಲ್ಕು ಅರ್ಥಛಾಯೆಗಳಾದವು. ಹದಿನಾಲ್ಕರಲ್ಲಿ ಹದಿಮೂರು ಅವರ ಮೇಲೇ ಬಿದ್ದಿದ್ದವು. (ಉಳಿದೊಂದು ಹೊಲಿಗೆ ಮಷಿನ್ನಿನದು.)

ಆಗ ಅವರಿಗೆ ಸತ್ಯ ಹೊಳೆಯಿತು. ಹೆಂಡತಿ ಕೆಟ್ಟವಳಲ್ಲ. 'ನೀವು ಹೊರಗೆ ಮಲಗಿ, ನಮ್ಮವ್ವ ಒಳಗೆ ಮಲಗಲಿ' ಎಂದು ಬಾಯಿಬಿಟ್ಟು ಹೇಳುವಷ್ಟು ಕಠಿಣ ಮನಸ್ಸು ಅವಳದಲ್ಲ. ಆ ಶಬ್ದವೊಂದಿರುವುದರಿಂದ ಹೇಳದೆಯೇ ಹೇಳುತ್ತಿದ್ದಾಳೆ. ಶಬ್ದ ತೆಗೆದರೆ ಮಂಚ ಬರುತ್ತದೆ!

ಸಂಜೆಯೇ ಸುಗ್ರೀವಾಜ್ಞೆ ಹೊರಟಿತು. "ಇವತ್ತಿನಿಂದ ಈ ಮನ್ಯಾಗ ಅಡ್ಜಸ್ಟ್ ಅನ್ನೂ ಶಬ್ದ ಬಂದ್. ಏನ ಹೇಳೂದಿದ್ರೂ ಬಿಡಿಸಿ ಹೇಳಬೇಕು."

"ಅದ್ಯಾಕ್ರಿ? ಅದೇನು ಬೈಗುಳೇನು?" ಎಂದಳು ಶರಣಬಸಮ್ಮ.

"ಅದಕ್ಕ ನೆಟ್ಟಗ ಅರ್ಥಾನ ಇಲ್ಲ."

"ಅರ್ಥ ಇಲ್ಲದ್ದು ಹತ್ತೊಂಬತ್ತು ವರ್ಷ ನಿಮಗ ಹೆಂಗ ತಿಳೀತು?"

ಮಾಸ್ತರರು ಇದನ್ನು ಕೇಳಿಸಿಕೊಳ್ಳಲಿಲ್ಲ. (ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಕೇಳಿಸಿಕೊಳ್ಳದಿರುವುದು ದೀರ್ಘ ಸೇವೆಯಿಂದ ಬರುವ ಗುಣ.) "ನಿನಗ ಬರಂಗಿಲ್ಲ ಅಂದ್ರ ಬಿಡು" ಎಂದು ಮೆಲ್ಲಗೆ ಸೇರಿಸಿದರು.

"ಯಾಕ ಬರಂಗಿಲ್ಲ? ನಾ ಏನ ಮೂಕಿ ಅದೇನೇನು? ಆತ್ರಿ. ಬಂದ್ ಅಂದ್ರ ಬಂದ್."

ಮೂರನೆಯ ದಿನವೇ ಮೊದಲ ಜಯ. ಊಟಕ್ಕೆ ಕುಳಿತಾಗ ಶರಣಬಸಮ್ಮ ರೊಟ್ಟಿಯ ಬುಟ್ಟಿ ನೋಡಿ, "ರೀ, ಮೂರ ರೊಟ್ಟಿ ಅದಾವು, ಒಂಚೂರು ಅಡ್..." ಎಂದು ನಾಲಿಗೆ ಕಚ್ಚಿಕೊಂಡಳು.

"ಹೇಳು, ಬಿಡಿಸಿ ಹೇಳು."

"ನೀವು ಒಂದ ರೊಟ್ಟಿ ಉಂಡು ಏಳ್ರಿ. ಎರಡು ನಮ್ಮವ್ವಗ..." ಹೇಳಿದ ಮಾತು ಅವಳ ಕಿವಿಗೇ ಸರಿಬರಲಿಲ್ಲ. ಆಮೇಲೆ ಎದ್ದು ಒಲೆ ಹಚ್ಚಿ, ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿ, ನಾಲ್ಕು ಬಿಸಿ ರೊಟ್ಟಿ ಬಡಿದುಕೊಟ್ಟಳು. ಮಾಸ್ತರರು ನಾಲ್ಕನ್ನೂ ತಿಂದರು. ಹಸಿವು ಎರಡಕ್ಕೆ ಮುಗಿದಿತ್ತು; ಉಳಿದೆರಡು ತತ್ವಕ್ಕಾಗಿ.

ಅಲ್ಲಿಂದ ದಂಡಯಾತ್ರೆ ತಡೆಯಿಲ್ಲದೆ ಸಾಗಿತು. 'ಹೊಲಸು ಅಂಗಿ ಹಾಕ್ಕೊಂಡು ಸಾಲಿಗೆ ಹೋಗ್ರಿ' ಎನ್ನಲು ಯಾವ ಹೆಂಡತಿಗೂ ಬಾಯಿ ಬಾರದು. ಅಂಗಿಗೆ ಇಸ್ತ್ರಿ ಬಂತು. ಸಾರಿಗೆ ಉಪ್ಪು ಬಂತು. ವಾರ್ತೆ ಮೊದಲಿನಿಂದ ಹವಾಮಾನದವರೆಗೂ ಬಂತು. ಎರಡೇ ವಾರದಲ್ಲಿ ಮಾಸ್ತರರ ನಡಿಗೆಯೇ ಬದಲಾಯಿತು. ಡ್ರಾಯಿಂಗ್ ಕಲಿಸುವ ಅಮೀನಸಾಬರು ಸ್ಟಾಫ್ ರೂಮಿನಲ್ಲಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ ಸರ, ಮದುವಿ ವರ ಕಂಡಂಗ ಕಾಣಾಕ ಹತ್ತೀರಿ?" ಎಂದರು.

"ಎಲ್ಲಾ ವ್ಯಾಕರಣ ರೀ" ಎಂದರು ಮಾಸ್ತರರು, ಕಾಲರ್ ಮುಟ್ಟಿಕೊಂಡು.

ಉಳಿದದ್ದು ಮಂಚವೊಂದೇ. ಭಾನುವಾರ ಮಧ್ಯಾಹ್ನ ಉಂಡು ಕೈತೊಳೆದು, ಅವರು ತಮ್ಮ ತಲೆದಿಂಬನ್ನು ಕಂಕುಳಲ್ಲಿ ಹಿಡಿದು ನಡುಮನೆಗೆ ನಡೆದರು. ಹುಲಗೆಮ್ಮ ಸೆರಗೆಳೆದು ಗೋಡೆಗೆ ತಿರುಗಿದರು. ಶರಣಬಸಮ್ಮ ಅಡುಗೆಮನೆಯಿಂದ ಓಡಿಬಂದಳು.

"ಈಗ ಹೇಳು" ಎಂದರು ಮಾಸ್ತರರು. "ಈ ಮಂಚ ಯಾರದು? ಇದರ ಮ್ಯಾಲೆ ಯಾರು ಮಕ್ಕೋಬೇಕು, ಯಾರು ಸೈಕಲ್ ಬಾಜೂಕ ಮಕ್ಕೋಬೇಕು? ಬಿಡಿಸಿ ಹೇಳು."

ಶರಣಬಸಮ್ಮ ಗಂಡನನ್ನು ನೋಡಿದಳು, ಅವ್ವನ ಬೆನ್ನನ್ನು ನೋಡಿದಳು. ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದಳು. ಹದಿಮೂರನೆಯ ಕೋಟೆಯೂ ಬಿತ್ತೆಂದೇ ಮಾಸ್ತರರು ತಿಳಿದರು.

"ಅಳಿಯಂದ್ರ."

ಮಾಸ್ತರರು ಬೆಚ್ಚಿ ಹಿಂದೆ ನೋಡಿದರು, ಬೇರೆ ಯಾವನಾದರೂ ಅಳಿಯ ಬಂದಿರುವನೋ ಎಂದು. ಯಾರೂ ಇರಲಿಲ್ಲ. ಹುಲಗೆಮ್ಮ ಗೋಡೆಗೆ ಬೆನ್ನು ಕೊಟ್ಟು, ಸೆರಗು ಹಿಂದೆ ಸರಿಸಿ, ರಿಪೇರಿಯಾದ ಎರಡೂ ಕಣ್ಣುಗಳಿಂದ ಅವರನ್ನೇ ನೋಡುತ್ತಿದ್ದರು.

"ಮಂಚ ನಿಮ್ಮದು. ಫ್ಯಾನೂ ನಿಮ್ಮದು. ಬರ್ರಿ, ಮಕ್ಕೊಳ್ರಿ. ನನ್ನ ಕಣ್ಣು ನೆಟ್ಟಗಾಗಿ ಎರಡು ತಿಂಗಳಾತು. ಊರಿಗೆ ಹೋಗಬೇಕಂದ್ರ ನಿಮಗ ಹೇಳದ ಹೋದ್ರ ಛಲೋ ಅನಸಂಗಿಲ್ಲ. ಹೇಳಬೇಕಂದ್ರ ಬಾಯಿ ಬರವಲ್ದು. ಹೊಂಟೇನಿ, ಹೊಂಟೇನಿ ಅಂತ ಗ್ವಾಡಿಗೆ ಎಷ್ಟು ಸಲ ಹೇಳ್ಯೇನಿ! ನಿಮ್ಮ ಕಿವಿಗೆ ಬಿದ್ದಿಲ್ಲ. ನನ್ನ ಬಟ್ಟಿ ಗಂಟು ಕಟ್ಟೇ ಐತಿ, ನೋಡ್ರಿ."

ಮಂಚದ ಕೆಳಗೆ ಗಂಟು ನಿಜವಾಗಿಯೂ ಇತ್ತು. ಮಾಸ್ತರರ ಎದೆ ಉಬ್ಬಿತು. ಮಂಚ ಕೇಳಲು ಬಂದವರಿಗೆ ಇಡೀ ನಡುಮನೆಯೇ ಸಿಕ್ಕಿತ್ತು. ಉದಾರ ಭಾವದಿಂದ, ಕ್ಯಾಲೆಂಡರಿನ ಸಹಾಯವಿಲ್ಲದೆ, ಅವರೂ ಮೊದಲ ಸಲ ಅತ್ತೆಗೆ ನೇರವಾಗಿ ನುಡಿದರು: "ಅಯ್ಯ, ಅದಕ್ಕೇನ್ರಿ ಅತ್ತಿ! ಮನಸ್ಸಿನ್ಯಾಗಿದ್ದದ್ದು ಹಿಂಗ ಹೇಳಿಬಿಡಬೇಕು ನೋಡ್ರಿ."

"ಹಂಗಂತೀರಿ?" ಹುಲಗೆಮ್ಮನ ಮುಖ ಅರಳಿತು. "ಖರೇ ಹೇಳ್ಬೇಕಂದ್ರ ನನಗ ಹೋಗಾಕ ಮನಸ್ಸ ಇರಲಿಲ್ಲ. ಮಾತಿಲ್ಲದ ಮನ್ಯಾಗ ಹೆಂಗ ಇರೂದು ಅಂತ ಹೊಂಟಿದ್ದೆ. ಈಗ ನೀವ ಬಾಯಿಬಿಟ್ಟು ಮಾತಾಡ್ರಿ ಅಂತೀರಿ. ಇನ್ನ ಹೋಗೂದ್ಯಾಕ? ಶರಣವ್ವ, ಗಂಟು ಬಿಚ್ಚವಾ. ಕಾರಟಗಿಗೆ ಫೋನ್ ಹಚ್ಚಿ ನನ್ನ ಕಂಬಳಿ ಕಳಸು ಅಂತ ಹೇಳು."

ಸುಮಾರು ಮೂರು ತಿಂಗಳ ಮೇಲೆ ಹೇಮಪ್ಪ ಮಾಸ್ತರರು ತಮ್ಮ ಮಂಚದ ಮೇಲೆ, ತಮ್ಮ ಫ್ಯಾನಿನ ಕೆಳಗೆ ಕಾಲು ಚಾಚಿದರು. ಹುಲಗೆಮ್ಮ ತಲೆದೆಸೆಯಲ್ಲೇ ಚಾಪೆ ಹಾಸಿಕೊಂಡು, ಎಲೆಯಡಿಕೆಯ ಚೀಲ ಬಿಚ್ಚಿ, ಹತ್ತೊಂಬತ್ತು ವರ್ಷ ಗೋಡೆಗೂ ಹೇಳದೆ ಉಳಿಸಿದ್ದನ್ನು ಅಳಿಯನಿಗೆ ಹೇಳಲು ಶುರುಮಾಡಿದರು. ಮದುವೆಯಿಂದಲೇ ಶುರುಮಾಡಿದರು. ಮಾಸ್ತರರ ಕಣ್ಣು ಮುಚ್ಚಿದಾಗೊಮ್ಮೆ "ಕೇಳಾಕ ಹತ್ತೀರಿಲ್ರಿ?" ಎಂದು ದಿಂಬು ತಟ್ಟಿದರು.

ಸಂಜೆ ಐದಕ್ಕೆ ಹೊಸ ಎಲೆಗೆ ಸುಣ್ಣ ಹಚ್ಚಲೆಂದು ಹುಲಗೆಮ್ಮ ಒಂದು ಕ್ಷಣ ಮಾತು ನಿಲ್ಲಿಸಿದಾಗ, ಆ ಮದುವೆಯ ಕಥೆಯಲ್ಲಿ ಮದುಮಗನಿಗೆ ಅರಿಶಿನ ಹಚ್ಚುವುದು ಇನ್ನೂ ಬಾಕಿಯಿತ್ತು.