ಐದು ವೋಲ್ಟಿನ ಕಳ್ಳ

ಕೊಳ್ಳೇಗಾಲದ ಕುಮಾರಸ್ವಾಮಿ ಕಾಫಿ ಲೋಟ ಕುಕ್ಕಿ ಶಪಥ ಮಾಡಿದ. "ನನ್ ಕಂಪ್ಯೂಟರ್ ಆಫ್ ಮಾಡ್ತಿರೋನು ಯಾವನೇ ಆಗ್ಲಿ, ಅವನ ಕಾಲು ಮುರೀದೆ ಬುಡಕಿಲ್ಲ ಕಣಮ್ಮಿ."

"ಮೊದ್ಲು ಸೀರೆ ಡಿಸೈನ್ ಮುಗ್ಸಿ. ಆಮ್ಯಾಕೆ ಯಾರ್ ಕಾಲಾದ್ರೂ ಮುರೀರಿ" ಅಂದಳು ಹೆಂಡತಿ ಪುಷ್ಪ.

ಅವಳ ಆತಂಕ ಸುಳ್ಳಲ್ಲ. ಯಳಂದೂರಿನಲ್ಲಿರುವ ಅವಳ ತಂಗಿ ದೀಪಳ ಧಾರೆ ಸೀರೆ ಇವರ ಮನೆಯಿಂದಲೇ ಹೋಗಬೇಕು. ರೇಷ್ಮೆ ನೇಯುವವರು ಅಂಗಡಿ ಸೀರೆ ಹಿಡಿದು ಮದುವೆಗೆ ಹೋದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ನೇಯುತ್ತ ಬೆಳೆದ ಕುಮಾರಸ್ವಾಮಿ ಈಗ ಸೀರೆ ಅಂಚಿನ ಡಿಸೈನನ್ನು ಕಂಪ್ಯೂಟರಿನಲ್ಲಿ ಬರೆದು ಮಗ್ಗದವರಿಗೆ ಕೊಡುತ್ತಾನೆ. ಆದರೆ ದೀಪಳ ಅಂಚಿಗೆ ನಾಲ್ಕು ಮಾವಿನಕಾಯಿ ಬಿಡಿಸುವಷ್ಟರಲ್ಲಿ ಕಂಪ್ಯೂಟರ್ ಗಪ್ಪೆಂದು ಆರಿ, ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಮಾವಿನಕಾಯಿ ಮಂಗಮಾಯ.

"ಆಗಾಗ ಸೇವ್ ಮಾಡ್ಕಳಿ."

"ನಮ್ಮನೇಲಿ ನಾವೇ ಕಳ್ಳನ್ಗೆ ಎದ್ರಿ ಬದುಕ್ಬೇಕಾ?"

ಕಳ್ಳನ ಸುಳಿವು, ಕಂಪ್ಯೂಟರಿನೊಳಗಿನ ಕರೆಂಟ್ ಅಳೆದು ತೋರಿಸುವ ಒಂದು ಸಾಫ್ಟ್‌ವೇರಿನಲ್ಲಿ ಸಿಕ್ಕಿತು. ಹನ್ನೆರಡು ವೋಲ್ಟ್ ಇರಬೇಕಾದ ಕಡೆ ಸೆನ್ಸರ್ ತೋರಿಸುತ್ತಿದ್ದುದು ಏಳು ಚಿಲ್ಲರೆ. ಹತ್ತಿರ ಹತ್ತಿರ ಐದು ವೋಲ್ಟ್ ಗುಳುಂ! ಕುಮಾರಸ್ವಾಮಿ ಕೆಂಡವಾಗಿ, ಕಂಪ್ಯೂಟರ್ ಮಾರಿದ್ದ ಮೂರ್ತಿಯ ಅಂಗಡಿಗೆ ನುಗ್ಗಿದ.

"ಅದು ಸುಳ್ಳು ಲೆಕ್ಕ ಸಾ" ಅಂದ ಮೂರ್ತಿ. "ಸೆನ್ಸರ್ ಚಿಪ್ಪು ಅಷ್ಟು ವೋಲ್ಟು ತಡ್ಕಳಕಿಲ್ಲ. ಅದ್ಕೇ ಮದರ್‌ಬೋರ್ಡ್‌ನಲ್ಲಿ ಕಮ್ಮಿ ಮಾಡಿ ಕೊಡ್ತರೆ. ಎಷ್ಟು ಕಮ್ಮಿ ಮಾಡವ್ರೆ ಅನ್ನೋದು ಬೋರ್ಡ್‌ನೊಳಗೇ ಕೂತಿರೋ ಪ್ರೋಗ್ರಾಮು, ಫರ್ಮ್‌ವೇರ್ ಅಂತರಲ್ಲ, ಅದ್ಕೇ ಗೊತ್ತು. ನಿಮ್ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ."

"ಕಂಪನಿಯೋರು ಯೋಳಕಿಲ್ವಾ?"

"ಇಲ್ಲ ಸಾ."

ಹೌದು, ಬೋರ್ಡಿನ ಸೆಟಪ್ ಪರದೆ ಕೂಡ ಅಂಕಿ ತೋರಿಸದೆ, ಬರೀ 'ನಾರ್ಮಲ್' ಅನ್ನುತ್ತಿತ್ತು. ಯಾರಿಗೆ ನಾರ್ಮಲ್? ಬೋರ್ಡು ತನ್ನದು, ಕರೆಂಟ್ ಬಿಲ್ಲು ತನ್ನದು, ಗುಟ್ಟು ಮಾತ್ರ ಕಂಪನಿಯದಾ? ಇದೆಂಥ ಅನ್ಯಾಯ! ಕುಮಾರಸ್ವಾಮಿ ಕಂಪನಿಯ ಫರ್ಮ್‌ವೇರ್ ಫೈಲನ್ನು ಇಳಿಸಿಕೊಂಡು, ಅದನ್ನು ಬಿಡಿಸಿ ಓದಲು ಕೂತ. ದಾರದ ಸಿಕ್ಕು ಬಿಡಿಸಿ ಅಭ್ಯಾಸವಿದ್ದ ಕಣ್ಣು; ಆ ಅಂಕಿಗಳ ಕಾಡಿನಲ್ಲೂ ಎಳೆ ಹಿಡಿದು ಹೋಯಿತು. ಓದುವಾಗ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ.

"ನೋಡ್ದಾ? ಬೆನ್ನತ್ತಿದ್ದೀನಿ ಅಂತ ಗೊತ್ತಾಗಿ ಕಳ್ಳ ಎದ್ರವ್ನೆ" ಎಂದು ಬೀಗಿದ.

ಅತ್ತ ದೀಪ ದಿನಾ ಫೋನ್ ಮಾಡಿ "ಸೀರೆ ಎಲ್ಲಿಗಂಟ ಬಂತಕ್ಕಾ?" ಅಂತ ಕೇಳುತ್ತಿದ್ದಳು. ಮಗ್ಗ ಖಾಲಿ ನಿಂತಿತ್ತು.

ಕೊನೆಗೂ ಗುಟ್ಟು ಸಿಕ್ಕಿತು. ಸೆನ್ಸರಿನ ಅಂಕಿಯನ್ನು ಐದರಿಂದ ಗುಣಿಸಿ ಮೂರರಿಂದ ಭಾಗಿಸು, ಅಷ್ಟೆ. ಹಾಗೆ ಮಾಡಿದರೆ ಅಚ್ಚುಕಟ್ಟಾಗಿ ಹನ್ನೆರಡು ವೋಲ್ಟ್! ಒಳಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಪುಷ್ಪಳನ್ನು ರಾಟೆ ಸಮೇತ ಎಳೆದು ತಂದು, ಸಾಕ್ಷಿಯಾಗಿ ಮೇಜಿನ ಪಕ್ಕ ನೆಲದ ಮೇಲೆ ಕೂರಿಸಿದ.

"ಕಳ್ಳನೇ ಇಲ್ಲ ಕಣಮ್ಮಿ. ಎಲ್ಲಾ ಸರ್ಯಾಗದೆ. ಈಗ ನೋಡು, ಒಂದೇ ಏಟ್ಗೆ ಅಂಚು ಮುಗಿಸ್ತೀನಿ."

ಒಂದು ಮಾವಿನಕಾಯಿ ಬಂತು, ಎರಡು ಬಂದವು. ಎಳೆ ಮೇಲೆ ಎಳೆ ಕೂರಿಸುತ್ತ ಕುಮಾರಸ್ವಾಮಿ ಮೈಮರೆತ. ನಾಲ್ಕನೆಯದಕ್ಕೆ ಕಂಪ್ಯೂಟರ್ ಗಪ್ಪೆಂದು ಆರಿತು.

"ಯಾವನ್ಲಾ ಅವನು?"

ಪುಷ್ಪಳ ರಾಟೆ ನಿಂತಿತ್ತು. ನೆಲದಲ್ಲಿ ಕೂತಿದ್ದ ಅವಳ ಕಣ್ಣಿಗೆ ಮೇಜಿನ ಅಡಿ ನೇರವಾಗಿ ಕಾಣುತ್ತಿತ್ತು. ಡಿಸೈನ್ ಬರೆಯುವಷ್ಟು ಹೊತ್ತೂ ಗಂಡನ ಕಾಲುಗಳು, ಮಗ್ಗದ ಗುಂಡಿಯಲ್ಲಿದ್ದಂತೆ, ಎಡ ಬಲ ಎಡ ಬಲ ತುಳಿಯುತ್ತಲೇ ಇದ್ದವು. ಅಲ್ಲಿ ಹಲಗೆ ಇರಲಿಲ್ಲ, ಕಂಪ್ಯೂಟರಿನ ವೈರಿತ್ತು. ಮೈಮರೆತು ಜೋರಾಗಿ ತುಳಿದಾಗ ಸಡಿಲ ಪ್ಲಗ್ಗು ಬಿಟ್ಟು, ಕಾಲೆತ್ತಿದಾಗ ಮತ್ತೆ ಹಿಡಿಯುತ್ತಿತ್ತು.

ಪುಷ್ಪ ಬೆರಳು ತೋರಿಸಿದಳು. ಕುಮಾರಸ್ವಾಮಿ ಬಗ್ಗಿ ನೋಡಿದ. ಅವನ ಸಿಟ್ಟು ಸರ್ರನೆ ಇಳಿಯಿತು. ಬಗ್ಗಿದ ತಲೆ ಮೇಲೆ ಬರಲು ತುಸು ಹೊತ್ತೇ ಹಿಡಿಯಿತು.

"ಮುರಿಯೋದು ಎಡಗಾಲೋ, ಬಲಗಾಲೋ? ನೋಡ್ಕಂಡು ಯೋಳಿ" ಅಂದಳು ಪುಷ್ಪ. "ದೀಪನ್ ಮದುವೇಲಿ ಓಡಾಡಕೆ ಒಂದಾದ್ರೂ ಬೇಕು."