ಕಪಾಟಿನೊಳಗಿನ ಕರವಸ್ತ್ರ

ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ದುರಭ್ಯಾಸ ನನಗುಂಟು. ಐವತ್ತು ಹತ್ತಿರ ಬಂದರೂ ಬಿಟ್ಟಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ನಿಂತುಕೊಂಡು ಹೋಗಿ, ಅಲ್ಲಿ ಕಾಲೇಜಿನಲ್ಲೂ ನಿಂತೇ ಪಾಠ ಮಾಡುವವಳ ಮೊಣಕಾಲಿನ ಕಥೆ ಕೇಳಿದರೆ ನೀವೂ ಕ್ಷಮಿಸುತ್ತೀರಿ. ಇದನ್ನು ಮೊದಲೇ ಒಪ್ಪಿಕೊಳ್ಳಲು ಕಾರಣವಿದೆ. ನನ್ನ ಪಿಎಚ್‌ಡಿ ಕೆಟ್ಟದ್ದೂ ಇದೇ ಬುದ್ಧಿಯಿಂದ.

ನನ್ನ ವಿಷಯ ಕಾಗ್ನಿಟಿವ್ ರೇಡಿಯೊ. ಹೆಸರಿಗೆ ಹೆದರಬೇಡಿ. ರೇಡಿಯೊ ಅಲೆಗಳ ಒಂದು ಚಾನೆಲ್ಲಿನಲ್ಲಿ ಅದರ ಹಕ್ಕುದಾರ ಇಲ್ಲದ ಹೊತ್ತು ನೋಡಿ ಮೆಲ್ಲ ಕೂತು, ಆತ ಬಂದ ಕೂಡಲೇ ಎದ್ದು ಜಾಗ ಬಿಡುವ ಸಭ್ಯ ರೇಡಿಯೊ ಅದು. ನಮ್ಮ ಬಸ್ಸುಗಳಲ್ಲಿ ಅಂಥವರು ಈಗ ಕಡಿಮೆ. ಕಂಪ್ಯೂಟರಿನೊಳಗೆ ಸಿಮ್ಯುಲೇಶನ್ ಮಾಡಿದಾಗ ಎಲ್ಲವೂ ಚಂದವಿತ್ತು. ಅಲ್ಲಿ ಪ್ರಯಾಣಿಕರೆಲ್ಲ ತಮ್ಮ ಸ್ಟಾಪಿನಲ್ಲೇ ಇಳಿಯುತ್ತಾರೆ. ಆದರೆ ಗೈಡ್ ಸರ್ ಒಪ್ಪಲಿಲ್ಲ. "ಟೆಸ್ಟ್‌ಬೆಡ್ಡಿನಲ್ಲಿ ಮಾಡಿ ತೋರಿಸಿ ಮೇಡಂ" ಎಂದರು. ಅಂದರೆ ಲ್ಯಾಬಿನ ಮೇಜಿನ ಮೇಲೆ ನಿಜವಾದ ರೇಡಿಯೊ ಪೆಟ್ಟಿಗೆ, ನಿಜವಾದ ಆಂಟೆನಾ, ನಿಜವಾದ ಗಾಳಿ. ಎರಡು ಸಲ ಅವಧಿ ವಿಸ್ತರಣೆಯಾಗಿ ಮೂರನೆಯದು, ಕೊನೆಯದು, ನಡೆಯುತ್ತಿತ್ತು. "ನೀನು ಮುಗಿಸುವಾಗ ನಾನು ರಿಟೈರ್ ಆಗಿರ್ತೇನೆ ಮಾರಾಯ್ತಿ" ಎಂದು ಯಜಮಾನರು ಊಟಕ್ಕೆ ಕೂತಾಗಲೆಲ್ಲ ಹೇಳುವರು.

ದಸರಾ ರಜೆ ಮುಗಿಸಿ ಬಂದು ಪೆಟ್ಟಿಗೆ ಹಚ್ಚಿದೆ. ಚಾನೆಲ್ ಖಾಲಿಯಿಲ್ಲ ಎಂದಿತು. ನನಗೆ ದಿನಚರಿ ಬರೆಯುವ ರೂಢಿ. ಆ ಮೂರು ತಿಂಗಳ ಪುಟಗಳನ್ನು ಈಗ ನೋಡಿದರೆ ಅಳು ಬರುತ್ತದೆ. "ಸೋಮವಾರ. ಮೋಡ. ಬುತ್ತಿಗೆ ಬಸಳೆ. ಚಾನೆಲ್ ಖಾಲಿಯಿಲ್ಲ." "ಮಂಗಳವಾರ. ಬಿಸಿಲು. ಆಂಟೆನಾ ಬದಲಿಸಿದೆ. ಖಾಲಿಯಿಲ್ಲ." ಸಭಾಂಗಣದ ಮೈಕನ್ನು ಸಂಶಯಿಸಿದೆ, ಮೊಬೈಲ್ ಟವರನ್ನು ಶಪಿಸಿದೆ, ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಅಷ್ಟರಲ್ಲಿ ಸರ್ ನೋಡಲು ಬರುವ ಗುರುವಾರವೂ ಬಂತು.

ಆ ದಿನ ಬೆಳಿಗ್ಗೆ ನೆಲ ಗುಡಿಸುತ್ತಿದ್ದ ನಮ್ಮ ಅಟೆಂಡರ್ ಶೀನಣ್ಣ ಕೇಳಿದರು, "ಮೇಡಂ, ಈ ಕಪಾಟಿನೊಳಗೆ ಒಂದು ಲೈಟ್ ಮಿಣಿಮಿಣಿ ಅಂತ ಉಂಟಲ್ಲ, ಅದು ಯಾವಾಗಲೂ ಹಾಗೆಯಾ?"

"ಯಾವ ಲೈಟ್?"

"ನಿಮ್ಮದೇ ಚೀಟಿ ಅಂಟಿಸಿದ್ದೀರಿ. 'ಯಾರೂ ಆಫ್ ಮಾಡಬಾರದು' ಅಂತ. ನಾನು ದಿನಾ ಒರೆಸ್ತೇನೆ, ಮುಟ್ಟಲಿಕ್ಕೆ ಹೋಗುವುದಿಲ್ಲ."

ಓಡಿಹೋಗಿ ಕಪಾಟು ತೆರೆದೆ. ರಜೆಗೆ ಮುಂಚೆ, ಅದೇ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗರು ನನ್ನ ಚಾನೆಲ್ಲಿಗೆ ಬಾರದಿರಲಿ ಎಂದು ಹಳೆಯ ಟ್ರಾನ್ಸ್‌ಮಿಟರ್ ಒಂದನ್ನು ಹಚ್ಚಿ ಅಲ್ಲಿಟ್ಟವಳು ನಾನೇ. ಅವರ ರೇಡಿಯೊಗಳು ಹಕ್ಕುದಾರ ಇದ್ದಾನೆಂದು ತಿಳಿದು ಬೇರೆ ಕಡೆ ಹೋಗಲಿ ಎಂದು. ಕರವಸ್ತ್ರ ಹಾಕಿದ್ದೆ, ಮಾರಾಯರೆ! ಮತ್ತೆ ಹಾಕಿದ್ದನ್ನೇ ಮರೆತು, ನಾನೇ ಬಂದು ಅದನ್ನು ನೋಡಿ, ಪಾಪ ಯಾರೋ ಇದ್ದಾರೆಂದು ಮೂರು ತಿಂಗಳು ನಿಂತಿದ್ದೆ.

ಸರ್ ಎಲ್ಲ ಕೇಳಿದರು. ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು. "ನಿಮ್ಮ ಪೆಟ್ಟಿಗೆ ಮಾತ್ರ ಸರಿಯಾಗಿಯೇ ಹೇಳ್ತಾ ಇತ್ತು ಮೇಡಂ" ಎಂದು, ಇನ್ನೊಂದು ವಿಸ್ತರಣೆಗೆ ಅರ್ಜಿ ಹಾಕಿ ನೋಡಿ, ಕೊಡುವುದು ಕಷ್ಟ, ಎಂದರು.

ಅರ್ಜಿ ಈಗ ನನ್ನ ಮುಂದಿದೆ. 'ವಿಳಂಬಕ್ಕೆ ಕಾರಣ' ಎಂಬಲ್ಲಿ "ಚಾನೆಲ್ ಖಾಲಿ ಇರಲಿಲ್ಲ" ಎಂದು ಬರೆದಿದ್ದೇನೆ. ಸುಳ್ಳೇನಲ್ಲ. ಅಲ್ಲಿ ಕೂತಿದ್ದವರು ಯಾರೆಂದು ಮಾತ್ರ ಯೂನಿವರ್ಸಿಟಿಯವರು ಕೇಳದಿರಲಿ.